ಅಸಮತೆಯ ಉತ್ತರ ಒಂದೇ ಸಂಖ್ಯೆಯಲ್ಲ ಎಂದು ಮಕ್ಕಳಿಗೆ ಹೇಗೆ ತಿಳಿಸುವುದು? ಸಂಖ್ಯಾರೇಖೆ, ತೆರೆದ ವೃತ್ತ, ತಿರುಗುವ ಚಿಹ್ನೆ

ಏಳನೇ ತರಗತಿಯ ಪೋಷಕಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ತರಗತಿಯಲ್ಲಿ ಓದುತ್ತಿದ್ದಾಳೆ. ಸಮೀಕರಣಗಳನ್ನು ಸಲೀಸಾಗಿ ಬಿಡಿಸುತ್ತಾಳೆ. ಅಸಮತೆಯ ಪಾಠ ಶುರುವಾದ ಮೇಲೆ ಮಾತ್ರ ಪುಸ್ತಕ ತೆರೆಯಲು ಹಿಂದೇಟು ಹಾಕುತ್ತಿದ್ದಾಳೆ. ಚರಾಕ್ಷರವನ್ನು ಇಲ್ಲಿ ‘ಕ್ಷ’ ಎಂದು ಬರೆಯುತ್ತೇನೆ.

ನಿನ್ನೆಯ ಲೆಕ್ಕ: ಕ್ಷ + 4 > 9. ಎರಡೂ ಕಡೆಯಿಂದ 4 ಕಳೆದು ಕ್ಷ > 5 ಎಂದು ಸರಿಯಾಗಿಯೇ ಬರೆದಳು. ಅದರ ಕೆಳಗೆ ‘ಉತ್ತರ: 6’ ಎಂದು ಬರೆದು ಅಡಿಗೆರೆ ಎಳೆದಳು. ಇದನ್ನು ಸಂಖ್ಯಾರೇಖೆಯ ಮೇಲೆ ತೋರಿಸು ಎಂದರೆ 6ರ ಮೇಲೆ ಒಂದು ಚುಕ್ಕೆ ಇಟ್ಟಳು. ಪುಸ್ತಕದಲ್ಲಿ 5ರ ಮೇಲೆ ಖಾಲಿ ವೃತ್ತ ಇಟ್ಟು ಬಲಕ್ಕೆ ಬಾಣ ಎಳೆದಿದ್ದಾರೆ. “ಉತ್ತರದಲ್ಲಿ 5 ಇಲ್ಲವೇ ಇಲ್ಲ, ಮತ್ತೇಕೆ 5ರ ಮೇಲೆ ವೃತ್ತ?” ಎಂದು ಕೇಳುತ್ತಾಳೆ. ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು.

ಇನ್ನೊಂದು ತೊಡಕೂ ಇದೆ. −2ಕ್ಷ < 6 ಎಂಬಲ್ಲಿ −2ರಿಂದ ಭಾಗಿಸಿದಾಗ ಚಿಹ್ನೆ ತಿರುಗುತ್ತದೆ ಎಂದು ಪುಸ್ತಕ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದೆ. ಏಕೆ ತಿರುಗುತ್ತದೆ ಎಂದು ಏಳನೇ ತರಗತಿಯ ಮಗುವಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳಿಕೊಡಬಲ್ಲಿರಾ?

ನಿವೃತ್ತ ಗಣಿತ ಶಿಕ್ಷಕ

ಮೊದಲು ಆ 6ರ ವಿಷಯ ಮಾತಾಡೋಣ, ಏಕೆಂದರೆ ಉಳಿದ ತೊಡಕುಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ. ಲೆಕ್ಕ ಮಾಡುವುದರಲ್ಲಿ ಮಗಳು ಎಲ್ಲಿಯೂ ತಪ್ಪಿಲ್ಲ. ಇಷ್ಟು ದಿನ ಸಮೀಕರಣಗಳನ್ನು ಬಿಡಿಸಿ ಬಿಡಿಸಿ, ಉತ್ತರ ಎಂದರೆ ಕೊನೆಯಲ್ಲಿ ಸಿಗುವ ಒಂದು ಸಂಖ್ಯೆ ಎಂಬ ನಂಬಿಕೆ ಅವಳಲ್ಲಿ ಬೇರೂರಿದೆ. ಕ್ಷ + 4 = 9 ಎಂದರೆ ಕ್ಷ = 5, ಅಲ್ಲಿಗೆ ಕೆಲಸ ಮುಗಿಯಿತು. ಅಸಮತೆ ಕೇಳುವ ಪ್ರಶ್ನೆಯೇ ಬೇರೆ. ‘ಈ ಮಾತನ್ನು ನಿಜ ಮಾಡುವ ಸಂಖ್ಯೆಗಳು ಯಾವ ಯಾವುವು?’ ಎಂದು ಅದು ಕೇಳುತ್ತದೆ. ಅವಳು ಕೊಟ್ಟ 6 ಆ ಗುಂಪಿನ ಒಬ್ಬ ಸದಸ್ಯ ಮಾತ್ರ.

ಇದನ್ನು ಬಾಯಿಮಾತಿನಲ್ಲಿ ವಿವರಿಸಿದರೆ ಮಗು ತಲೆಯಾಡಿಸುತ್ತದೆ, ಮರುದಿನ ಮತ್ತೆ 6 ಎಂದು ಬರೆಯುತ್ತದೆ. ಅವಳ ಕೈಯಿಂದಲೇ ಮಾಡಿಸಿ. ಒಂದು ಹಾಳೆಯಲ್ಲಿ 4, 5, 5.1, 5.5, 6, 7, 100 ಎಂದು ಬರೆಯಿರಿ. ಒಂದೊಂದನ್ನೂ ಕ್ಷ + 4 > 9 ಎಂಬ ಮೂಲ ಅಸಮತೆಯಲ್ಲಿ ಹಾಕಿ ನೋಡಲು ಹೇಳಿ. ಬಿಡಿಸಿದ ಮೇಲೆ ಸಿಕ್ಕ ಸಾಲಿನಲ್ಲಿ ಹಾಕುವುದು ಬೇಡ. ಬಿಡಿಸುವಾಗ ತಪ್ಪಾಗಿದ್ದರೆ ಆ ಸಾಲು ತಪ್ಪನ್ನೇ ಸರಿ ಎಂದು ಒಪ್ಪಿಬಿಡುತ್ತದೆ.

4 ಹಾಕಿದರೆ 8 > 9, ಸುಳ್ಳು. 5 ಹಾಕಿದರೆ 9 > 9, ಇದೂ ಸುಳ್ಳು. 5.1 ಹಾಕಿದರೆ 9.1 > 9, ನಿಜ. ಅಲ್ಲಿಂದ ಮುಂದೆ ಎಲ್ಲವೂ ನಿಜ. ಈಗ ನಿಜವಾದವುಗಳನ್ನು ಮಾತ್ರ ಸಂಖ್ಯಾರೇಖೆಯ ಮೇಲೆ ಚುಕ್ಕೆ ಇಟ್ಟು ತೋರಿಸಲಿ. ಬಳಿಕ “5.1 ಮತ್ತು 5.5ರ ನಡುವೆ ಇನ್ನೇನಾದರೂ ಇದೆಯೇ?” ಎಂದು ಕೇಳಿ. ಚುಕ್ಕೆಗಳನ್ನು ಇಡುತ್ತಾ ಹೋದಂತೆ, ಅವುಗಳನ್ನು ಬಿಡಿಬಿಡಿಯಾಗಿ ಇಡುವುದರಲ್ಲಿ ಅರ್ಥವಿಲ್ಲ, ಗೆರೆಯನ್ನೇ ಗಾಢ ಮಾಡಬೇಕು ಎಂಬುದು ಅವಳಿಗೇ ಹೊಳೆಯುತ್ತದೆ. ಆ ಗಾಢವಾದ ಗೆರೆಯೇ ಉತ್ತರ. ಉತ್ತರ ಎಲ್ಲೋ ಬೇರೆ ಕಡೆ ಇದ್ದು, ನಕ್ಷೆ ಅದಕ್ಕೆ ಅಲಂಕಾರ ಎಂಬ ಭಾವನೆ ಮಕ್ಕಳಲ್ಲಿ ಉಳಿಯಬಾರದು.

3 ── 4 ── ○ ══ 6 ══ 7 ══▶

ವೃತ್ತ ಇರುವುದು 5ರ ಜಾಗದಲ್ಲಿ. ಅದು ಏಕೆ ಅಲ್ಲಿದೆ ಎಂಬ ಅವಳ ಪ್ರಶ್ನೆ ನನಗೆ ಬಹಳ ಹಿಡಿಸಿತು. ಅದನ್ನು ಬೇರೆಯವರು ಎತ್ತಿಕೊಳ್ಳಲಿ ಎಂದು ಬಿಡುತ್ತೇನೆ.

ಬೀಜಗಣಿತ ಓದುಗ

ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಒಂದು ಪ್ರಯೋಗ ಮಾಡಿ. ‘5ಕ್ಕಿಂತ ಹೆಚ್ಚಿನ ಸಂಖ್ಯೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು?’ ಎಂದು ಮಗಳನ್ನು ಕೇಳಿ. 6 ಎನ್ನುತ್ತಾಳೆ. 5.1 ತೋರಿಸಿ. ಹಾಗಾದರೆ 5.1 ಎನ್ನುತ್ತಾಳೆ. 5.01 ತೋರಿಸಿ. 5.001 ಎಂದು ಅವಳೇ ಮುಂದುವರಿಸುತ್ತಾಳೆ. ಅವಳು ಯಾವುದೇ ಸಂಖ್ಯೆ ತರಲಿ, ಅದಕ್ಕೂ 5ಕ್ಕೂ ಸರಿಯಾಗಿ ಮಧ್ಯದಲ್ಲಿ ಇನ್ನೊಂದು ಸಂಖ್ಯೆ ಇದ್ದೇ ಇರುತ್ತದೆ. 5.001 ಮತ್ತು 5ರ ಮಧ್ಯದಲ್ಲಿ 5.0005 ಇದೆ. ಅದು 5ಕ್ಕಿಂತ ಹೆಚ್ಚು, ಅವಳು ತಂದದ್ದಕ್ಕಿಂತ ಕಡಿಮೆ. ಈ ಆಟಕ್ಕೆ ಕೊನೆಯಿಲ್ಲ. ಅಂದರೆ 5ರ ಪಕ್ಕದಲ್ಲಿ ‘ಮೊದಲ ಸಂಖ್ಯೆ’ ಎಂಬುದೇ ಇಲ್ಲ.

ಗೆರೆಯನ್ನು ಎಲ್ಲಿಂದ ಗಾಢ ಮಾಡಲು ಶುರುಮಾಡಬೇಕು ಎಂಬ ಸಮಸ್ಯೆ ಬರುವುದು ಇಲ್ಲಿಯೇ. ಉತ್ತರದ ಗುಂಪಿಗೆ ಮೊದಲ ಸದಸ್ಯನಿಲ್ಲ, ಆದರೆ ಗಡಿ ಇದೆ. ಆ ಗಡಿಯೇ 5. ಗಡಿಯನ್ನು ತೋರಿಸಲೇಬೇಕು, ಆದರೆ ಗಡಿ ಗುಂಪಿನೊಳಗೆ ಸೇರಿಲ್ಲ ಎಂದೂ ತಿಳಿಸಬೇಕು. ತೆರೆದ ವೃತ್ತ ಈ ಎರಡೂ ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ. ಕ್ಷ ≥ 5 ಎಂದಿದ್ದರೆ ಗಡಿಯೂ ಒಳಗೆ ಬರುತ್ತದೆ, ಆಗ ವೃತ್ತವನ್ನು ತುಂಬಿಸುತ್ತೇವೆ. ಎರಡು ನಕ್ಷೆಗಳ ನಡುವಿನ ವ್ಯತ್ಯಾಸ ಒಂದೇ ಒಂದು ಬಿಂದು. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಗಣಿತ ಇಷ್ಟು ಗೌರವ ಕೊಡುವುದು ನನಗೆ ಇಂದಿಗೂ ಸೋಜಿಗ.

ಶಿಕ್ಷಕ ತರಬೇತಿ ವಿದ್ಯಾರ್ಥಿನಿ

≥ ಚಿಹ್ನೆಯ ಬಗ್ಗೆ ಒಂದು ಮಾತು. 7 ≥ 5 ನಿಜವೋ ಸುಳ್ಳೋ ಎಂದು ತರಗತಿಯಲ್ಲಿ ಕೇಳಿದರೆ ಬಹಳ ಮಕ್ಕಳು ಸುಳ್ಳು ಎನ್ನುತ್ತಾರೆ. ‘7 ಎಂಬುದು 5ಕ್ಕೆ ಸಮವಲ್ಲವಲ್ಲ’ ಎಂಬುದು ಅವರ ವಾದ. 5 ≥ 5 ಎಂದರೂ ಸುಳ್ಳು ಎನ್ನುತ್ತಾರೆ. ಆಗ ‘5 ಎಂಬುದು 5ಕ್ಕಿಂತ ಹೆಚ್ಚಲ್ಲವಲ್ಲ’ ಎನ್ನುತ್ತಾರೆ. ಎರಡು ಷರತ್ತುಗಳೂ ಒಟ್ಟಿಗೆ ಈಡೇರಬೇಕು ಎಂದು ಅವರು ಓದಿಕೊಳ್ಳುತ್ತಾರೆ. ‘ಹೆಚ್ಚು ಅಥವಾ ಸಮ’ ಎಂಬಲ್ಲಿ ‘ಅಥವಾ’ ಪದವನ್ನು ಒತ್ತಿ ಓದಿಸಬೇಕು, ಎರಡರಲ್ಲಿ ಒಂದು ನಿಜವಾದರೆ ಸಾಕು ಎಂದು ಬಿಡಿಸಿ ಹೇಳಬೇಕು. ತುಂಬಿದ ವೃತ್ತದ ವಿಷಯದಲ್ಲಿ ತಪ್ಪುವ ಮಕ್ಕಳಲ್ಲಿ ಅನೇಕರಿಗೆ ನಿಜವಾದ ತೊಡಕು ಇರುವುದು ಈ ‘ಅಥವಾ’ದಲ್ಲಿ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ

ಇಷ್ಟೆಲ್ಲ ಬೇಕೇ? ಸುಲಭದ ದಾರಿ ಇದೆ. ಚಿಹ್ನೆ ಬಾಣದ ತುದಿಯಂತೆಯೇ ಇರುತ್ತದೆ. ಕ್ಷ > 5 ಎಂದರೆ ಚಿಹ್ನೆ ಬಲಕ್ಕೆ ಮುಖ ಮಾಡಿದೆ, ಬಲಕ್ಕೆ ಗೆರೆ ಎಳೆಯಿರಿ. ಕ್ಷ < 5 ಎಂದರೆ ಎಡಕ್ಕೆ ಎಳೆಯಿರಿ. ಚಿಹ್ನೆಯ ಕೆಳಗೆ ಅಡ್ಡಗೆರೆ ಇದ್ದರೆ ವೃತ್ತ ತುಂಬಿಸಿ, ಇಲ್ಲದಿದ್ದರೆ ಖಾಲಿ ಬಿಡಿ. ನಾನು ಕಲಿತದ್ದು ಹೀಗೆ, ಪರೀಕ್ಷೆಯಲ್ಲಿ ಸಮಯವೂ ಉಳಿಯುತ್ತದೆ.

ಶಿಕ್ಷಕ ತರಬೇತಿ ವಿದ್ಯಾರ್ಥಿನಿ

ಇದೇ ಸೂತ್ರವನ್ನು 5 < ಕ್ಷ ಎಂಬಲ್ಲಿ ಬಳಸಿ ನೋಡಿ. ಚಿಹ್ನೆ ಎಡಕ್ಕೆ ಮುಖ ಮಾಡಿದೆ. ಗೆರೆ ಹೋಗಬೇಕಾದದ್ದು ಬಲಕ್ಕೆ.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ

ಚರಾಕ್ಷರವನ್ನು ಮೊದಲು ಎಡಭಾಗಕ್ಕೆ ತಂದುಕೊಂಡರೆ ಆಯಿತು.

ನಿವೃತ್ತ ಗಣಿತ ಶಿಕ್ಷಕ

ಹಾಗೆ ತರುವಾಗಲೇ ಮಕ್ಕಳು ಜಾರುವುದು. 5 < ಕ್ಷ ಎಂಬುದನ್ನು ಹಿಂದುಮುಂದಾಗಿಸಿ ಬರೆಯುವಾಗ ಅಕ್ಷರ, ಸಂಖ್ಯೆಗಳ ಜಾಗ ಬದಲಿಸುತ್ತಾರೆ, ಚಿಹ್ನೆಯನ್ನು ಹಾಗೆಯೇ ಬಿಡುತ್ತಾರೆ. ಕ್ಷ < 5 ಆಗಿಬಿಡುತ್ತದೆ. ಸಮೀಕರಣದಲ್ಲಿ ಈ ಅಭ್ಯಾಸದಿಂದ ಯಾವ ಹಾನಿಯೂ ಇರಲಿಲ್ಲ, 5 = ಕ್ಷ ಎಂದರೂ ಕ್ಷ = 5 ಎಂದರೂ ಒಂದೇ. ಇಲ್ಲಿ ಅರ್ಥವೇ ತಲೆಕೆಳಗಾಗುತ್ತದೆ.

ಅಭ್ಯರ್ಥಿಯವರು ಹೇಳಿದ ಸೂತ್ರ ಸುಳ್ಳೆಂದು ನಾನು ಹೇಳುವುದಿಲ್ಲ. ಅಕ್ಷರ ಎಡಗಡೆ ಇರುವಷ್ಟು ಕಾಲ ಅದು ಸರಿಯಾಗಿಯೇ ನಡೆಯುತ್ತದೆ. ಆದರೆ ಮಗು ಅದನ್ನು ಮೊದಲೇ ಕಲಿತರೆ ಅಸಮತೆಯನ್ನು ಓದುವುದನ್ನೇ ಬಿಟ್ಟುಬಿಡುತ್ತದೆ, ಚಿಹ್ನೆಯ ಆಕಾರವನ್ನು ಮಾತ್ರ ನೋಡುತ್ತದೆ. ‘ಕ್ಷ 5ಕ್ಕಿಂತ ಹೆಚ್ಚು’ ಎಂದು ಗಟ್ಟಿಯಾಗಿ ಓದಿದ ಮಗುವಿಗೆ ಗೆರೆಯನ್ನು ಯಾವ ಕಡೆಗೆ ಎಳೆಯಬೇಕೆಂದು ಬೇರೆ ಸೂತ್ರ ಬೇಕಿಲ್ಲ. 5 < ಕ್ಷ ಎಂಬುದನ್ನೂ ಅಕ್ಷರದ ಕಡೆಯಿಂದ ಓದಿಸಿ: ‘ಕ್ಷ 5ಕ್ಕಿಂತ ಹೆಚ್ಚು’. ಅನುಮಾನವಿದ್ದರೆ 6 ಹಾಕಿ ನೋಡಲಿ. 5 < 6 ನಿಜ, ಹಾಗಾಗಿ 6 ಇರುವ ಕಡೆಗೇ ಗೆರೆ.

ಚಿಕ್ಕ ತರಗತಿಯಲ್ಲಿ ಹೇಳಿಕೊಡುವ ಮೊಸಳೆ ಬಾಯಿಯ ಕಥೆಗೂ ಇದೇ ಗತಿ. ಮೊಸಳೆ ದೊಡ್ಡದರ ಕಡೆಗೆ ಬಾಯಿ ತೆರೆಯುತ್ತದೆ ಎಂದು ಕಲಿತ ಮಗು 8 ಮತ್ತು 3ರ ನಡುವೆ ಸರಿಯಾಗಿ ಬರೆಯುತ್ತದೆ. −8 ಮತ್ತು −3 ಕೊಟ್ಟರೆ ಬಾಯಿಯನ್ನು −8ರ ಕಡೆಗೆ ತೆರೆಸುತ್ತದೆ, ಏಕೆಂದರೆ 8 ದೊಡ್ಡದಾಗಿ ಕಾಣುತ್ತದೆ. ಋಣ ಸಂಖ್ಯೆಗಳು ಬಂದ ಮೇಲೆ ‘ದೊಡ್ಡದು’ ಎಂದರೆ ಸಂಖ್ಯಾರೇಖೆಯಲ್ಲಿ ಬಲಕ್ಕೆ ಇರುವುದು ಎಂಬ ಒಂದೇ ಅರ್ಥವನ್ನು ಗಟ್ಟಿಮಾಡಬೇಕು. −3 ಎಂಬುದು −8ರ ಬಲಕ್ಕಿದೆ, ಆದ್ದರಿಂದ −3 > −8. ಇದು ಗಟ್ಟಿಯಾಗದೆ ಚಿಹ್ನೆ ತಿರುಗುವ ವಿಷಯಕ್ಕೆ ಕೈಹಾಕಬಾರದು.

ಏಳನೇ ತರಗತಿಯ ಪೋಷಕಿ

ಹಾಳೆಯ ಪ್ರಯೋಗ ಮಾಡಿಸಿದೆ. 5.1ಕ್ಕೆ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟು “ಹಾಗಾದರೆ ಇದನ್ನು ಬರೆದು ಮುಗಿಸುವುದಕ್ಕೇ ಆಗುವುದಿಲ್ಲ” ಎಂದಳು. ಮುಗಿಸಲಾಗದ್ದನ್ನು ಗೆರೆಯಿಂದ ತೋರಿಸುತ್ತಾರೆ ಎಂದು ಹೇಳಿದ್ದಕ್ಕೆ ಒಪ್ಪಿಕೊಂಡಳು. ಎಲ್ಲರಿಗೂ ಧನ್ಯವಾದ. ಈಗ ಚಿಹ್ನೆ ತಿರುಗುವ ವಿಷಯ ಹೇಳಿ.

ನಿವೃತ್ತ ಗಣಿತ ಶಿಕ್ಷಕ

ಇದಕ್ಕೆ ಒಂದು ಕಾಗದದ ಪಟ್ಟಿ ಮತ್ತು ಒಂದು ಗುಂಡುಸೂಜಿ ಬೇಕು. ಉದ್ದನೆಯ ಪಟ್ಟಿಯ ಮೇಲೆ ಸಮಾನ ಅಂತರದಲ್ಲಿ −6ರಿಂದ 6ರವರೆಗೆ ಗುರುತು ಮಾಡಿ. ಇನ್ನೊಂದು ಹಾಳೆಯ ಮೇಲೆ ಅದೇ ಅಂತರದಲ್ಲಿ ಇನ್ನೊಂದು ಸಂಖ್ಯಾರೇಖೆ ಬರೆಯಿರಿ. ಪಟ್ಟಿಯನ್ನು ಹಾಳೆಯ ಮೇಲಿಟ್ಟು, ಸೊನ್ನೆಯ ಮೇಲೆ ಸೊನ್ನೆ ಕೂರುವಂತೆ ನೋಡಿಕೊಂಡು, ಸೊನ್ನೆಯ ಜಾಗದಲ್ಲಿ ಸೂಜಿ ಚುಚ್ಚಿ. ಪಟ್ಟಿಯಲ್ಲಿ 2 ಮತ್ತು 5ಕ್ಕೆ ಬಣ್ಣ ಹಚ್ಚಿ. 2 ಎಡಕ್ಕಿದೆ, 5 ಬಲಕ್ಕಿದೆ, ಆದ್ದರಿಂದ 2 < 5.

ಈಗ ಪಟ್ಟಿಯನ್ನು ಸೂಜಿಯ ಸುತ್ತ ಅರ್ಧ ಸುತ್ತು ತಿರುಗಿಸಿ. ಪಟ್ಟಿಯ 2 ಹಾಳೆಯ −2ರ ಮೇಲೆ ಬಂದು ಕೂರುತ್ತದೆ, 5 ಎಂಬುದು −5ರ ಮೇಲೆ ಕೂರುತ್ತದೆ. ಪ್ರತಿಯೊಂದು ಸಂಖ್ಯೆಯನ್ನೂ −1ರಿಂದ ಗುಣಿಸಿದರೆ ಆಗುವುದು ಇದೇ. ಸೊನ್ನೆಯಿಂದ ಇರುವ ದೂರ ಬದಲಾಗಲಿಲ್ಲ, ಬದಿ ಬದಲಾಯಿತು. ಮೊದಲು ಬಲಕ್ಕಿದ್ದ ಬಣ್ಣದ ಗುರುತು ಈಗ ಎಡಕ್ಕಿದೆ. ಯಾವುದು ಸೊನ್ನೆಯಿಂದ ಬಲಕ್ಕೆ ಹೆಚ್ಚು ದೂರ ಹೋಗಿತ್ತೋ ಅದೇ ಈಗ ಎಡಕ್ಕೆ ಹೆಚ್ಚು ದೂರ ಹೋಗಿದೆ. ಅದಕ್ಕಾಗಿ −2 > −5. ಚಿಹ್ನೆಯನ್ನು ಯಾರೋ ನಿಯಮ ಮಾಡಿ ತಿರುಗಿಸಿದ್ದಲ್ಲ, ರೇಖೆ ತಿರುಗಿತು, ಚಿಹ್ನೆ ಆ ಸಂಗತಿಯನ್ನು ವರದಿ ಮಾಡಿತು.

ಅದೇ ಪಟ್ಟಿಯಿಂದ ಉಳಿದ ಕ್ರಿಯೆಗಳನ್ನೂ ನೋಡಬಹುದು. ಎರಡೂ ಕಡೆ 3 ಕೂಡಿಸುವುದೆಂದರೆ ಪಟ್ಟಿಯನ್ನು ಮೂರು ಮನೆ ಬಲಕ್ಕೆ ಜರುಗಿಸುವುದು. ಕಳೆಯುವುದೆಂದರೆ ಎಡಕ್ಕೆ ಜರುಗಿಸುವುದು. ಎಷ್ಟೇ ಜರುಗಿಸಿದರೂ ಎಡಕ್ಕಿದ್ದದ್ದು ಎಡಕ್ಕೇ ಉಳಿಯುತ್ತದೆ. 2ರಿಂದ ಗುಣಿಸುವುದೆಂದರೆ ಸೊನ್ನೆಯಿಂದ ಎಲ್ಲ ದೂರಗಳನ್ನೂ ಎರಡರಷ್ಟು ಹಿಗ್ಗಿಸುವುದು. ಇಲ್ಲಿಯೂ ಅನುಕ್ರಮ ಕೆಡುವುದಿಲ್ಲ. ಋಣ ಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ ಮಾತ್ರ ಅರ್ಧ ಸುತ್ತು ಬರುತ್ತದೆ. −2ರಿಂದ ಭಾಗಿಸುವುದೆಂದರೆ ಅರ್ಧಕ್ಕೆ ಕುಗ್ಗಿಸಿ, ಒಂದು ಅರ್ಧ ಸುತ್ತು ತಿರುಗಿಸುವುದು.

ಬೀಜಗಣಿತ ಓದುಗ

ಪಟ್ಟಿ ಬಹಳ ಚೆನ್ನಾಗಿದೆ. ಬೀಜಗಣಿತದ ಕಡೆಯಿಂದಲೂ ಒಂದು ದಾರಿ ಇದೆ, ಅದರಲ್ಲಿ ಚಿಹ್ನೆಯನ್ನು ಮುಟ್ಟುವುದೇ ಬೇಡ. −2ಕ್ಷ < 6 ಎಂದಿದೆ. ಭಾಗಿಸುವ ಬದಲು ಎರಡೂ ಕಡೆ 2ಕ್ಷ ಕೂಡಿಸಿ. 0 < 6 + 2ಕ್ಷ ಆಯಿತು. ಎರಡೂ ಕಡೆಯಿಂದ 6 ಕಳೆಯಿರಿ. −6 < 2ಕ್ಷ. ಈಗ ಧನ ಸಂಖ್ಯೆಯಾದ 2ರಿಂದ ಭಾಗಿಸಿ. −3 < ಕ್ಷ. ಅಂದರೆ ಕ್ಷ > −3.

ಚಿಹ್ನೆ ಒಮ್ಮೆಯೂ ತಿರುಗಲಿಲ್ಲ. ಬರೀ ಕೂಡಿಸಿ, ಕಳೆದು, ಧನ ಸಂಖ್ಯೆಯಿಂದ ಭಾಗಿಸಿದ್ದೇವೆ. ಆದರೂ ಬಂದದ್ದು ಕ್ಷ > −3. −2ರಿಂದ ನೇರವಾಗಿ ಭಾಗಿಸಿ ಚಿಹ್ನೆ ತಿರುಗಿಸದೇ ಬಿಟ್ಟಿದ್ದರೆ ಕ್ಷ < −3 ಎಂದು ಬರುತ್ತಿತ್ತು, ಇದಕ್ಕೆ ತದ್ವಿರುದ್ಧ. ನಿಯಮವನ್ನು ನಂಬದ ಮಕ್ಕಳಿಗೆ ಇದನ್ನು ತೋರಿಸಿದರೆ ಮುಖ ಅರಳುತ್ತದೆ. ನಿಯಮ ಮರೆತರೂ ಈ ದಾರಿಯಿಂದ ಉತ್ತರ ಮುಟ್ಟಬಹುದು ಎಂಬ ಧೈರ್ಯ ಬರುತ್ತದೆ. ಪರೀಕ್ಷೆಯ ಹೊತ್ತಿಗೆ ಆ ಧೈರ್ಯ ದೊಡ್ಡದು.

ಹತ್ತನೇ ತರಗತಿಯವನ ಅಣ್ಣ

ಒಂದು ಎಚ್ಚರಿಕೆ ಸೇರಿಸಬೇಕು. ನಿಯಮ ಕಲಿತ ಮೇಲೆ ಮಕ್ಕಳು ಋಣ ಚಿಹ್ನೆ ಕಂಡಲ್ಲೆಲ್ಲ ತಿರುಗಿಸಲು ಶುರುಮಾಡುತ್ತಾರೆ. 2ಕ್ಷ < −6 ಎಂಬಲ್ಲಿ ಭಾಗಿಸುತ್ತಿರುವುದು 2ರಿಂದ. ಉತ್ತರ ಕ್ಷ < −3, ಚಿಹ್ನೆ ತಿರುಗುವುದಿಲ್ಲ. ಬಲಗಡೆ ಇರುವ −6ಕ್ಕೂ ತಿರುಗುವುದಕ್ಕೂ ಸಂಬಂಧವೇ ಇಲ್ಲ. ಕ್ಷ − 5 < 2 ಎಂಬಲ್ಲೂ ಅಷ್ಟೇ, 5 ಕೂಡಿಸಿದರೆ ಕ್ಷ < 7. ತಮ್ಮನಿಗೆ ಇದನ್ನು ಹೇಳಿಕೊಡುವಾಗ ‘ನೀನು ಈಗ ಯಾವ ಸಂಖ್ಯೆಯಿಂದ ಭಾಗಿಸುತ್ತಿದ್ದೀಯೆ?’ ಎಂದು ಪ್ರತಿ ಹೆಜ್ಜೆಯಲ್ಲೂ ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿದರೆ ಅರ್ಧಕ್ಕರ್ಧ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಶಿಕ್ಷಕ ತರಬೇತಿ ವಿದ್ಯಾರ್ಥಿನಿ

ಮಾತಿನ ಲೆಕ್ಕಗಳ ಬಗ್ಗೆ ಯಾರೂ ಹೇಳಿಲ್ಲ. ನನ್ನ ಅನುಭವದಲ್ಲಿ ಮಕ್ಕಳು ಹೆಚ್ಚು ಸೋಲುವುದು ಅಲ್ಲಿಯೇ. ‘ಕನಿಷ್ಠ 12’ ಎಂದಾಗ ‘ಕನಿಷ್ಠ’ ಎಂಬುದು ಸಣ್ಣದನ್ನು ನೆನಪಿಸುತ್ತದೆ, ತಕ್ಷಣ < ಚಿಹ್ನೆ ಹಾಕಿಬಿಡುತ್ತಾರೆ. ಕನಿಷ್ಠ 12 ಎಂದರೆ 12 ಅಥವಾ ಅದಕ್ಕಿಂತ ಹೆಚ್ಚು, ಕ್ಷ ≥ 12. ಗರಿಷ್ಠ 12 ಎಂದರೆ ಕ್ಷ ≤ 12. ‘12ನ್ನು ಮೀರಬಾರದು’ ಎಂದರೂ ಕ್ಷ ≤ 12. ‘12ಕ್ಕಿಂತ ಕಡಿಮೆ ಇರಬಾರದು’ ಎಂದರೆ ಕ್ಷ ≥ 12. ಕೊನೆಯ ಎರಡರಲ್ಲೂ 12 ಒಳಗೇ ಇದೆ, ವೃತ್ತ ತುಂಬಿರಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ‘ಒಂದು ಸಂಖ್ಯೆ 5ಕ್ಕಿಂತ 3 ಹೆಚ್ಚು’ ಎಂದರೆ ಅದು ಸಮೀಕರಣ, ಕ್ಷ = 5 + 3. ‘ಒಂದು ಸಂಖ್ಯೆಯ 3ರಷ್ಟು 5ಕ್ಕಿಂತ ಹೆಚ್ಚು’ ಎಂದರೆ ಅದು ಅಸಮತೆ, 3ಕ್ಷ > 5. ಎರಡರಲ್ಲೂ ಅದೇ 3, ಅದೇ 5, ಅದೇ ‘ಹೆಚ್ಚು’. ಎಷ್ಟು ಹೆಚ್ಚು ಎಂದು ಹೇಳಿದ್ದಾರೆಯೇ, ಬರೀ ಹೆಚ್ಚು ಎಂದಿದ್ದಾರೆಯೇ ಎಂಬುದನ್ನು ನೋಡಬೇಕು. ಎಷ್ಟು ಎಂದು ಹೇಳಿದ್ದರೆ ಸಂಖ್ಯೆ ಒಂದೇ ಇರುತ್ತದೆ, ಹೇಳದಿದ್ದರೆ ಒಂದು ಗುಂಪೇ ಇರುತ್ತದೆ.

ಇಲ್ಲಿಯೂ ಪರೀಕ್ಷಿಸುವ ಅಭ್ಯಾಸವೇ ಕಾಪಾಡುತ್ತದೆ. ‘ಕನಿಷ್ಠ 12’ ಎಂಬುದನ್ನು ಬರೆಯುವ ಮೊದಲು ಮೂರು ಸಂಖ್ಯೆ ತೆಗೆದುಕೊಳ್ಳಲಿ: 11, 12, 13. ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ಮಾತಿನಲ್ಲೇ ಹೇಳಲಿ. ಚಿಹ್ನೆ ಆಮೇಲೆ ಬರಲಿ.

ಹತ್ತನೇ ತರಗತಿಯವನ ಅಣ್ಣ

ಮಾತಿನ ಲೆಕ್ಕಗಳಲ್ಲಿ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ‘ಲಿಫ್ಟಿನಲ್ಲಿ ಗರಿಷ್ಠ 8 ಜನ ಹೋಗಬಹುದು’ ಎಂಬುದಕ್ಕೆ ಕ್ಷ ≤ 8 ಎಂದು ಬರೆದು, 8ರಿಂದ ಎಡಕ್ಕೆ ಉದ್ದಕ್ಕೂ ಗೆರೆ ಎಳೆಯುವುದು ಸರಿಯೇ? ಹಾಗಾದರೆ 3.7 ಜನ, −2 ಜನ ಎಲ್ಲವೂ ಉತ್ತರವಾಗುತ್ತದಲ್ಲ?

ನಿವೃತ್ತ ಗಣಿತ ಶಿಕ್ಷಕ

ಒಳ್ಳೆಯ ಪ್ರಶ್ನೆ. ಅಂಥ ಲೆಕ್ಕದಲ್ಲಿ ಗೆರೆ ಎಳೆಯುವುದು ಸರಿಯಲ್ಲ. ಕ್ಷ ಯಾವ ಬಗೆಯ ಸಂಖ್ಯೆ ಎಂಬುದನ್ನು ಲೆಕ್ಕವೇ ಹೇಳುತ್ತಿದೆ. ಜನರ ಎಣಿಕೆ ಪೂರ್ಣಸಂಖ್ಯೆ, 0ಗಿಂತ ಕಡಿಮೆ ಇರಲಾರದು. ಹಾಗಾಗಿ ನಕ್ಷೆಯಲ್ಲಿ 0, 1, 2 ಎಂದು 8ರವರೆಗೆ ಒಂಬತ್ತು ಬಿಡಿ ಚುಕ್ಕೆಗಳು, ನಡುವೆ ಗೆರೆಯಿಲ್ಲ. ಅದೇ ಲಿಫ್ಟಿನಲ್ಲಿ ‘ಒಟ್ಟು ತೂಕ 600 ಕಿಲೋ ಮೀರಬಾರದು’ ಎಂದಿದ್ದರೆ ತೂಕ ಎಷ್ಟು ಬೇಕಾದರೂ ಸೂಕ್ಷ್ಮವಾಗಿ ಬದಲಾಗಬಹುದು. ಆಗ 0ರಿಂದ 600ರವರೆಗೆ ಅಖಂಡ ಗೆರೆ, 600ರ ಮೇಲೆ ತುಂಬಿದ ವೃತ್ತ. ಎಣಿಸುವ ಸಂಗತಿಗೆ ಚುಕ್ಕೆಗಳು, ಅಳೆಯುವ ಸಂಗತಿಗೆ ಗೆರೆ.

ಪೋಷಕಿಯವರು ಗಮನಿಸಿ, ಮಗಳು 6 ಎಂದು ಬರೆದದ್ದರ ಹಿಂದೆಯೂ ಈ ವಿಚಾರ ಸ್ವಲ್ಪ ಇದ್ದಿರಬಹುದು. ಅವಳ ಮನಸ್ಸಿನಲ್ಲಿ ಸಂಖ್ಯೆಗಳೆಂದರೆ ಪೂರ್ಣಾಂಕಗಳು. ಪೂರ್ಣಾಂಕಗಳಲ್ಲಿ ಮಾತ್ರ ನೋಡಿದರೆ 5ಕ್ಕಿಂತ ಹೆಚ್ಚಿನ ಮೊದಲ ಸಂಖ್ಯೆ 6 ಎಂಬುದು ನಿಜವೇ. ಬೀಜಗಣಿತ ಓದುಗರು ಹೇಳಿದ ‘ಮೊದಲ ಸಂಖ್ಯೆಯೇ ಇಲ್ಲ’ ಎಂಬ ಮಾತು ದಶಮಾಂಶ, ಭಿನ್ನರಾಶಿಗಳನ್ನೂ ಒಳಗೊಂಡ ರೇಖೆಗೆ ಅನ್ವಯಿಸುತ್ತದೆ. ಲೆಕ್ಕ ಯಾವ ಸಂಖ್ಯೆಗಳ ಬಗ್ಗೆ ಮಾತಾಡುತ್ತಿದೆ ಎಂದು ಕೇಳುವ ಮಗು ಬಹಳ ದೂರ ಹೋಗುತ್ತದೆ.

ಗಣಿತ ಇತಿಹಾಸದ ಆಸಕ್ತ

ನಡುವೆ ಒಂದು ಸಣ್ಣ ಸಂಗತಿ. ಸಮ ಚಿಹ್ನೆಯನ್ನು ರಾಬರ್ಟ್ ರೆಕಾರ್ಡ್ 1557ರಲ್ಲಿ ಅಚ್ಚಿನಲ್ಲಿ ತಂದರು. > ಮತ್ತು < ಚಿಹ್ನೆಗಳು ಅಚ್ಚಿನಲ್ಲಿ ಕಾಣಿಸಿದ್ದು 1631ರಲ್ಲಿ, ಥಾಮಸ್ ಹ್ಯಾರಿಯಟ್ ಅವರ ಪುಸ್ತಕದಲ್ಲಿ. ಅವರು ತೀರಿಕೊಂಡದ್ದು 1621ರಲ್ಲಿ, ಪುಸ್ತಕ ಹೊರಬಂದದ್ದು ಹತ್ತು ವರ್ಷಗಳ ನಂತರ. ‘ಹೆಚ್ಚು ಅಥವಾ ಸಮ’ ಎಂಬುದಕ್ಕೆ, ಕೆಳಗೆ ಎರಡು ಅಡ್ಡಗೆರೆಗಳಿರುವ ≧ ರೂಪವನ್ನು ಫ್ರಾನ್ಸಿನ ಪಿಯರ್ ಬೂಗೇ ಬಳಸಿದ್ದು 1734ರಲ್ಲಿ. ಅಂದರೆ ತೆರೆದ ವೃತ್ತಕ್ಕೆ ಒಪ್ಪುವ ಚಿಹ್ನೆ ಬಂದು ನೂರು ವರ್ಷ ದಾಟಿದ ಮೇಲೆ ತುಂಬಿದ ವೃತ್ತಕ್ಕೆ ಒಪ್ಪುವ ಈ ರೂಪ ಬಂದಿತು. ಮಕ್ಕಳಿಗೆ ಎರಡನ್ನೂ ಒಂದೇ ದಿನ ಕಲಿಸುತ್ತೇವೆ. ಸ್ವಲ್ಪ ತಾಳ್ಮೆ ನಾವೂ ತೋರಿಸಬಹುದು.

ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ

ಚರ್ಚೆಯನ್ನು ಪೂರ್ತಿ ಓದಿದೆ. ನನ್ನ ಸೂತ್ರವನ್ನು ಕೊನೆಯಲ್ಲಿ ತಾಳೆ ನೋಡಲು ಇಟ್ಟುಕೊಳ್ಳಬಹುದು, ಮೊದಲ ಹೆಜ್ಜೆಯಾಗಿ ಕೊಡಬಾರದು ಎಂಬುದನ್ನು ಒಪ್ಪುತ್ತೇನೆ. −2 < ಕ್ಷ ≤ 3 ಎಂಬಂಥವು ಬಂದಾಗ ಅದು ಕೆಲಸಕ್ಕೆ ಬರುವುದೂ ಇಲ್ಲ. ಎರಡೂ ಚಿಹ್ನೆಗಳು ಎಡಕ್ಕೆ ಮುಖ ಮಾಡಿವೆ, ಆದರೆ ನಕ್ಷೆ ಯಾವ ಕಡೆಗೂ ಓಡುವುದಿಲ್ಲ.

ಬೀಜಗಣಿತ ಓದುಗ

ಹೌದು, ಅದು ನಡುವಿನ ಒಂದು ತುಂಡು. −2ರ ಮೇಲೆ ತೆರೆದ ವೃತ್ತ, 3ರ ಮೇಲೆ ತುಂಬಿದ ವೃತ್ತ, ನಡುವೆ ಗಾಢ ಗೆರೆ. ‘ಕ್ಷ −2ಕ್ಕಿಂತ ಹೆಚ್ಚು, ಮತ್ತು 3ನ್ನು ಮೀರುವುದಿಲ್ಲ’ ಎಂದು ಅಕ್ಷರವನ್ನು ಮುಂದಿಟ್ಟು ಓದಿದರೆ ಚಿತ್ರ ತಾನಾಗಿಯೇ ಬರುತ್ತದೆ. ಇಲ್ಲಿ ಬೇಕಾದದ್ದು ‘ಮತ್ತು’, ಎರಡೂ ಷರತ್ತುಗಳು ಒಟ್ಟಿಗೆ ನಿಜವಾಗಬೇಕು.

ಏಳನೇ ತರಗತಿಯ ಪೋಷಕಿ

ಪಟ್ಟಿ, ಸೂಜಿ ಎರಡೂ ಮನೆಯಲ್ಲೇ ಸಿಕ್ಕವು. ಪಟ್ಟಿ ತಿರುಗಿಸಿದಾಗ ‘ಅಂಕೆಗಳು ತಲೆಕೆಳಗಾದವು’ ಎಂದು ಮೊದಲು ನಕ್ಕಳು. ಬಣ್ಣದ ಗುರುತುಗಳನ್ನು ನೋಡಿದ ಮೇಲೆ ಸುಮ್ಮನಾದಳು, ಮತ್ತೆ ತಾನೇ ತಿರುಗಿಸಿ ನೋಡಿದಳು. ಆಮೇಲೆ 5 − 2ಕ್ಷ ≥ 11 ಎಂಬ ಲೆಕ್ಕ ಕೊಟ್ಟೆ. ಅವಳು ಬರೆದದ್ದನ್ನು ಹಾಗೆಯೇ ಹಾಕುತ್ತಿದ್ದೇನೆ:

5 − 2ಕ್ಷ ≥ 11
−2ಕ್ಷ ≥ 6 (5 ಕಳೆದೆ, ರೇಖೆ ಜರುಗಿತು ಅಷ್ಟೇ)
ಕ್ಷ ≤ −3 (−2ರಿಂದ ಭಾಗಿಸಿದೆ, ರೇಖೆ ತಿರುಗಿತು)
ಪರೀಕ್ಷೆ: −4 ಹಾಕಿದರೆ 5 + 8 = 13, 13 ≥ 11 ನಿಜ.
0 ಹಾಕಿದರೆ 5 ≥ 11 ಸುಳ್ಳು.
−3 ಹಾಕಿದರೆ 5 + 6 = 11, 11 ≥ 11 ನಿಜ. ವೃತ್ತ ತುಂಬಬೇಕು.

ನಕ್ಷೆಯಲ್ಲಿ −3ರ ಮೇಲೆ ವೃತ್ತ ತುಂಬಿ, ಎಡಕ್ಕೆ ಬಾಣ ಎಳೆದಿದ್ದಾಳೆ. ಪರೀಕ್ಷೆಗೆ ಗಡಿಯ ಒಂದು ಕಡೆಯಿಂದ ಒಂದು, ಇನ್ನೊಂದು ಕಡೆಯಿಂದ ಒಂದು, ಗಡಿಯದೇ ಒಂದು ಎಂದು ಆರಿಸಿಕೊಂಡದ್ದು ಅವಳದೇ ಯೋಚನೆ. ನಾನು ಹೇಳಿರಲಿಲ್ಲ.

ಈಗ ಒಂದು ಹೊಸ ಪ್ರಶ್ನೆ ತಂದಿದ್ದಾಳೆ. ತಾನೇ ಒಂದು ಲೆಕ್ಕ ಮಾಡಿಕೊಂಡಿದ್ದಾಳೆ: ಕ್ಷ + 2 < ಕ್ಷ + 5. ಎರಡೂ ಕಡೆಯಿಂದ ಕ್ಷ ಕಳೆದರೆ 2 < 5 ಉಳಿಯಿತು. “ಕ್ಷ ಎಲ್ಲಿಗೆ ಹೋಯಿತು, ವೃತ್ತ ಎಲ್ಲಿ ಇಡಲಿ?” ಎನ್ನುತ್ತಿದ್ದಾಳೆ.

ನಿವೃತ್ತ ಗಣಿತ ಶಿಕ್ಷಕ

ಈ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಮೂರು ಸಂಖ್ಯೆಗಳ ಆಯ್ಕೆಯೂ ಅಚ್ಚುಕಟ್ಟಾಗಿದೆ. ಅದೇ ಉಪಾಯವನ್ನು ಇಲ್ಲಿಯೂ ಬಳಸಲಿ. ಕ್ಷ ಜಾಗದಲ್ಲಿ 10 ಹಾಕಲಿ, 12 < 15, ನಿಜ. 0 ಹಾಕಲಿ, 2 < 5, ನಿಜ. −100 ಹಾಕಲಿ, −98 < −95, ನಿಜ. ಯಾವ ಸಂಖ್ಯೆ ಹಾಕಿದರೂ ಎಡಭಾಗ ಬಲಭಾಗಕ್ಕಿಂತ 3 ಕಡಿಮೆಯೇ ಇರುತ್ತದೆ. 2 < 5 ಎಂಬ ಸಾಲು ಹೇಳುತ್ತಿರುವುದು ಅದನ್ನೇ: ಕ್ಷ ಏನೇ ಆಗಿರಲಿ, ಮಾತು ನಿಜ. ಗಡಿಯೇ ಇಲ್ಲದ ಕಡೆ ವೃತ್ತಕ್ಕೆ ಕೆಲಸವಿಲ್ಲ. ಇಡೀ ರೇಖೆಯನ್ನು ಗಾಢ ಮಾಡಿ ಎರಡೂ ತುದಿಗೆ ಬಾಣ ಹಾಕಲಿ.

ಆಮೇಲೆ ಚಿಹ್ನೆಯೊಂದನ್ನೇ ಬದಲಿಸಿ ಕ್ಷ + 2 > ಕ್ಷ + 5 ಎಂದು ಕೊಡಿ. 2 > 5 ಉಳಿಯುತ್ತದೆ, ಅದು ಎಂದಿಗೂ ನಿಜವಾಗದು. ಆ ನಕ್ಷೆಯಲ್ಲಿ ಏನನ್ನು ಗಾಢ ಮಾಡಬೇಕು ಎಂದು ನೀವು ಹೇಳಿಕೊಡಬೇಡಿ. ಬರೀ ರೇಖೆಯನ್ನು ಎಳೆದು ಅವಳ ಮುಂದಿಡಿ.